ಕಾವೇರಿಗೆ ಮೀನುಮರಿ ಬಿಡುವವರಿಗೊಂದು ಬಹಿರಂಗ ಪತ್ರ



ಈ ಪತ್ರ ಯಾರಿಗೆಂದು ಮೊದಲೇ ಹೇಳಿಬಿಡುತ್ತೇನೆ. ಕೊಡಗಿನಿಂದ ಹಿಡಿದು ಮುತ್ತತ್ತಿ, ಸಂಗಮದವರೆಗೆ ಕಾವೇರಿಗೋ ಅದರ ಉಪನದಿಗಳಿಗೋ ಮಹಶೀರ್ ಮರಿಗಳನ್ನು ತಂದು ಬಿಡುವ ನಿಮಗೆಲ್ಲರಿಗೂ ಇದನ್ನು ಬರೆಯುತ್ತಿದ್ದೇನೆ. ಗಾಳದ ಸಂಘದವರು, ಹೊಳೆಯಂಚಿನ ತೋಟದವರು, ರೆಸಾರ್ಟು ಹೋಂಸ್ಟೇ ನಡೆಸುವವರು, ಪರಿಸರ ದಿನಾಚರಣೆಗೆ ಮಕ್ಕಳನ್ನು ದಡಕ್ಕೆ ಕರೆತರುವ ಮೇಷ್ಟ್ರುಗಳು, ಹರಕೆ ಹೊತ್ತು ಮೀನು ಬಿಡುವ ಭಕ್ತರು, ಮೀನುಗಾರರ ಸಹಕಾರ ಸಂಘದವರು, ಅಂಥ ಕಾರ್ಯಕ್ರಮಗಳಿಗೆ ಮುಖ್ಯ ಅತಿಥಿಗಳಾಗಿ ಬರುವ ಜನಪ್ರತಿನಿಧಿಗಳು, ಎಲ್ಲರೂ ಇದರಲ್ಲಿ ಸೇರಿದ್ದೀರಿ. ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲವನ್ನು ನೀರಿನಲ್ಲಿ ಸ್ವಲ್ಪ ಹೊತ್ತು ತೇಲಿಸಿ, ಮರಿಗಳು ಹೊಳೆಯ ತಂಪಿಗೆ ಹೊಂದಿಕೊಂಡ ಮೇಲೆ ಚೀಲದ ಬಾಯಿ ಬಿಚ್ಚುವ ನಿಮ್ಮ ಎಚ್ಚರವನ್ನು ನಾನು ಕಂಡಿದ್ದೇನೆ. ಹೊಳೆ ಬರಿದಾಗುತ್ತಿದೆ, ನಮ್ಮ ಕೈಲಾದಷ್ಟು ತುಂಬೋಣ ಎಂಬ ನಿಮ್ಮ ಕಾಳಜಿಯ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ.

ಆದರೂ ಕೇಳಿಕೊಳ್ಳುವುದು ಇಷ್ಟೇ: ಆ ಮರಿ ಯಾವ ಹೊಳೆಯ ಸಂತಾನ ಎಂಬುದು ಖಚಿತವಾಗಿ ಗೊತ್ತಾಗುವವರೆಗೆ ದಯವಿಟ್ಟು ಕಾವೇರಿಗೆ ಮಹಶೀರ್ ಬಿಡಬೇಡಿ. ಕಾವೇರಿಗೆ ತನ್ನದೇ ಆದ ಒಂದು ಮಹಶೀರ್ ಇದೆ. ಅದು ಇವತ್ತು ಅಳಿವಿನ ಅಂಚಿಗೆ ಬಂದು ನಿಂತಿದೆ. ಹೊರಗಿನಿಂದ ತಂದು ಬಿಟ್ಟ ಮೀನು ಅದಕ್ಕೆ ದೊಡ್ಡ ಕಂಟಕಗಳಲ್ಲೊಂದು.

ಆ ಮೀನನ್ನು ನಿಮ್ಮಲ್ಲಿ ಕೆಲವರಾದರೂ ಕಣ್ಣಾರೆ ಕಂಡಿರಬಹುದು. ಮಹಶೀರ್ ಜಾತಿಯ ಮೀನುಗಳನ್ನು ದಡದ ಜನ ಒಟ್ಟಾರೆ ಬಿಳಿಮೀನು ಎನ್ನುತ್ತಾರೆ. ಅವುಗಳಲ್ಲಿ ತಲೆಯ ಹಿಂದಿನಿಂದಲೇ ಬೆನ್ನು ಗೂನಾಗಿ ಏರುವ, ಹೊನ್ನಿನ ಬಣ್ಣಕ್ಕೆ ಹೊಳೆಯುವ ಹುರುಪೆಗಳ, ಕಿತ್ತಳೆಗೆಂಪು ಈಜುರೆಕ್ಕೆಗಳ ಮೀನೊಂದಿದೆ. ಗೂನುಬೆನ್ನಿನ ಮಹಶೀರ್ ಅದೇ. ಜಗತ್ತಿನ ಮಹಶೀರ್‌ಗಳಲ್ಲೇ ಅತಿ ದೊಡ್ಡದಾಗಿ ಬೆಳೆಯುವವುಗಳ ಸಾಲಿಗೆ ಇದು ಸೇರುತ್ತದೆ. ಮೈಸೂರಿನ ಹೆಸರಾಂತ ಚರ್ಮಪ್ರಸಾಧಕರಾದ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಗಾಳ ಹಾಕಿ ಎತ್ತಿದ ಮೀನು 120 ಪೌಂಡ್ ತೂಗಿತ್ತು. ನಮ್ಮ ಲೆಕ್ಕದಲ್ಲಿ ಅದು 54 ಕಿಲೋ, ಒಬ್ಬ ಬೆಳೆದ ಮನುಷ್ಯನ ತೂಕ. ಬೇಸಿಗೆಯಲ್ಲಿ ಹರಿವು ಸಣ್ಣದಾದಾಗ ಬಂಡೆಗಳ ನಡುವಿನ ಆಳದ ಮಡುಗಳನ್ನು ಹಿಡಿದು ಕೂರುವ ಈ ಮೀನು, ಮುಂಗಾರಿನ ಹೊಸನೀರು ಬಂದೊಡನೆ ಪ್ರವಾಹಕ್ಕೆ ಎದುರಾಗಿ ಮೇಲೇರುತ್ತದೆ. ಮೊಟ್ಟೆಯಿಡಲು ಅದಕ್ಕೆ ಬೆಣಚುಕಲ್ಲಿನ ಹಾಸು ಬೇಕು, ಆ ಹಾಸಿನ ಮೇಲೆ ಹರಿಯುವ ತಿಳಿನೀರು ಬೇಕು. ಏಡಿ, ಬಸವನಹುಳು, ಸಣ್ಣ ಮೀನು, ದಡದ ಮರಗಳಿಂದ ಉದುರುವ ಹಣ್ಣು ಇವೆಲ್ಲ ಅದರ ಆಹಾರ. ಬೆಳೆಯುವುದು ನಿಧಾನ, ಮೊಟ್ಟೆಯಿಡುವ ವಯಸ್ಸಿಗೆ ಬರುವುದೂ ನಿಧಾನ. ಹಾಗಾಗಿ ಒಂದು ದೊಡ್ಡ ತಾಯಿಮೀನನ್ನು ಕಳೆದುಕೊಂಡರೆ ಆ ಜಾಗ ತುಂಬಲು ವರ್ಷಗಟ್ಟಲೆ ಬೇಕು.

ಈ ಮೀನು ಕಾವೇರಿ ಕಣಿವೆ ಬಿಟ್ಟು ಜಗತ್ತಿನ ಇನ್ನಾವ ನದಿಯಲ್ಲೂ ಸಹಜವಾಗಿ ಇಲ್ಲ. ಗಂಗೆಯಲ್ಲಿಲ್ಲ, ಗೋದಾವರಿಯಲ್ಲಿಲ್ಲ, ಪಕ್ಕದ ತುಂಗಭದ್ರೆಯಲ್ಲೂ ಇಲ್ಲ. ಇಷ್ಟು ಹೆಸರುವಾಸಿಯಾದ, ಬ್ರಿಟಿಷರ ಕಾಲದಿಂದ ಗಾಳಗಾರರು ಸಮುದ್ರ ದಾಟಿ ಹುಡುಕಿಕೊಂಡು ಬರುತ್ತಿದ್ದ ಮೀನಿಗೆ ತೀರಾ ಈಚಿನವರೆಗೂ ಒಂದು ಖಚಿತವಾದ ವೈಜ್ಞಾನಿಕ ಗುರುತೇ ಇರಲಿಲ್ಲ ಎಂದರೆ ನಂಬುವುದು ಕಷ್ಟ. ಕೇರಳದ ಪಾಂಬಾರ್ ಹೊಳೆಯಲ್ಲಿ ಸಿಕ್ಕ ಮೀನೊಂದನ್ನು ಅಲ್ಲಿನ ವಿಜ್ಞಾನಿಗಳು ಟಾರ್ ರೆಮಾದೇವಿ ಎಂಬ ಹೊಸ ಪ್ರಭೇದವೆಂದು ದಾಖಲಿಸಿದ್ದರು. ಪಾಂಬಾರ್ ಅಮರಾವತಿಗೆ ಸೇರುತ್ತದೆ, ಅಮರಾವತಿ ಕಾವೇರಿಗೆ. ಆ ಸಣ್ಣ ಹೊಳೆಯ ಮೀನೂ ನಮ್ಮ ಗೂನುಬೆನ್ನಿನ ಮಹಶೀರೂ ಒಂದೇ ಎಂಬುದು ಮೋಯಾರ್ ನದಿಯ ಮೀನುಗಳ ಮೈಕಟ್ಟು ಮತ್ತು ಡಿಎನ್‌ಎಗಳನ್ನು ಹೋಲಿಸಿ ನೋಡಿದ ಮೇಲೆ 2018ರಲ್ಲಿ ಖಚಿತವಾಯಿತು. ಅದೇ ವರ್ಷ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ, ಅಂದರೆ ಐಯುಸಿಎನ್, ತನ್ನ ಕೆಂಪುಪಟ್ಟಿಯಲ್ಲಿ ಇದನ್ನು ತೀವ್ರ ಅಪಾಯದಲ್ಲಿರುವ ಜೀವಿ ಎಂದು ಸೇರಿಸಿತು. ಆ ಮೆಟ್ಟಿಲಿನ ಮುಂದಿನದು ಕಾಡಿನಲ್ಲಿ, ಹೊಳೆಯಲ್ಲಿ ಇಲ್ಲವಾಗುವುದು.

ಈಗ ಹೊರಗಿನ ಮೀನಿನ ಕತೆಗೆ ಬರುತ್ತೇನೆ. ಅದು ಒಳ್ಳೆಯವರ ಒಳ್ಳೆಯ ಕೆಲಸದಿಂದಲೇ ಶುರುವಾದದ್ದು. ಕೃಷ್ಣಾ ಕಣಿವೆಯಲ್ಲಿ ನೀಲಿರೆಕ್ಕೆಯ ಮಹಶೀರ್ ಇದೆ. ಪುಣೆಯ ಮುಳಾ-ಮುಠಾ ಹೊಳೆಗಳ ಮೀನನ್ನು ನೋಡಿ 1839ರಲ್ಲಿ ಸೈಕ್ಸ್ ಎಂಬ ಸೈನ್ಯಾಧಿಕಾರಿ ವಿವರಿಸಿದ ಟಾರ್ ಖುದ್ರೀ ಅದು. ಅಣೆಕಟ್ಟುಗಳಿಂದ, ಸಿಡಿಮದ್ದಿನಿಂದ ಅದರ ಸಂಖ್ಯೆ ಇಳಿಯುತ್ತಿದ್ದಾಗ, 1970ರ ದಶಕದಲ್ಲಿ ಸಿ.ವಿ. ಕುಲಕರ್ಣಿಯವರಂಥ ಮೀನುವಿಜ್ಞಾನಿಗಳು ಲೋನಾವಳದ ಟಾಟಾ ವಿದ್ಯುತ್ ಕಂಪನಿಯ ಕೆರೆಗಳ ಬಳಿ ಅದಕ್ಕೆ ಕೃತಕವಾಗಿ ಮರಿ ಮಾಡಿಸುವ ವಿಧಾನವನ್ನು ರೂಢಿಗೆ ತಂದರು. ದೊಡ್ಡ ಸಾಧನೆಯೇ ಸರಿ. ಲಕ್ಷಗಟ್ಟಲೆ ಮರಿಗಳು ಸಿಗತೊಡಗಿದವು. ಅವನ್ನು ದೇಶದ ಹಲವು ರಾಜ್ಯಗಳಿಗೆ ಹಂಚಲಾಯಿತು, ನಮ್ಮ ಕಾವೇರಿಗೂ ಬಂದವು. ಎಲ್ಲ ಮಹಶೀರೂ ಒಂದೇ, ಎಲ್ಲಿ ಬಿಟ್ಟರೂ ಉಪಕಾರವೇ ಎಂದು ಆಗ ಎಲ್ಲರೂ ನಂಬಿದ್ದರು. ಗೂನುಬೆನ್ನಿನ ಮೀನು ಬೇರೆಯದೇ ಪ್ರಭೇದ ಎಂದು ಖಾತ್ರಿಯಾಗುವುದಕ್ಕೆ ನಾಲ್ಕು ದಶಕ ಮೊದಲಿನ ಮಾತಿದು. ಅವರನ್ನು ದೂಷಿಸಲು ನನಗೆ ಮನಸ್ಸಿಲ್ಲ. ಆದರೆ ಅವರಿಗೆ ಗೊತ್ತಿರದಿದ್ದದ್ದು ಇವತ್ತು ನಮಗೆ ಗೊತ್ತಿದೆ, ನಮ್ಮ ಹೊಣೆ ಅಲ್ಲಿಂದ ಶುರುವಾಗುತ್ತದೆ.

ಹೊರಗಿನ ಮೀನು ಕಾವೇರಿಯದನ್ನು ಹಿಂದೆ ಹಾಕುತ್ತಿದೆಯೆಂದು ಗೊತ್ತಾದದ್ದಾದರೂ ಹೇಗೆ? ಗಾಳದ ಸಂಘದವರೇ, ಇದು ನಿಮ್ಮ ಪುಸ್ತಕಗಳಿಂದಲೇ ತಿಳಿದುಬಂದದ್ದು. ಕಾವೇರಿ ವನ್ಯಧಾಮದೊಳಗಿನ ಗಾಳಿಬೋರೆ ಶಿಬಿರದಲ್ಲಿ, ಹಿಡಿದ ಮೀನನ್ನು ತೂಗಿ, ಬರೆದಿಟ್ಟು, ಮತ್ತೆ ನೀರಿಗೆ ಬಿಡುವ ಶಿಸ್ತು ಇತ್ತು. 1998ರಿಂದ 2012ರವರೆಗಿನ ಆ ದಾಖಲೆಗಳನ್ನು ಏಡ್ರಿಯನ್ ಪಿಂಡರ್ ಮತ್ತು ರಾಜೀವ್ ರಾಘವನ್ ಮೊದಲಾದ ಸಂಶೋಧಕರು ಸಾಲುಸಾಲಾಗಿ ಓದಿದರು. ಆರು ಸಾವಿರಕ್ಕೂ ಹೆಚ್ಚು ಮಹಶೀರ್‌ಗಳ ಲೆಕ್ಕ ಅಲ್ಲಿತ್ತು. ಅವುಗಳಲ್ಲಿ ನೂರಕ್ಕೆ 95ರಷ್ಟು ನೀಲಿರೆಕ್ಕೆಯವು, ಅಂದರೆ ಹೊರಗಿನಿಂದ ಬಂದು ನೆಲೆಯೂರಿದವು. ಗೂನುಬೆನ್ನಿನವು ಬೆರಳೆಣಿಕೆಗೆ ಹತ್ತಿರವಾಗುತ್ತ, ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತ ಹೋಗಿದ್ದವು. ಇದರ ಜೊತೆಗೆ ಇನ್ನೊಂದು ಸಂಗತಿಯಿದೆ. ಅದನ್ನು ಓದಿದಾಗ ನನಗೆ ನಿಜಕ್ಕೂ ದಿಗಿಲಾಯಿತು. ಸಿಕ್ಕ ಗೂನುಬೆನ್ನಿನ ಮೀನುಗಳ ಸರಾಸರಿ ತೂಕ ವರ್ಷಗಳುರುಳಿದಂತೆ ಏರುತ್ತಿತ್ತು. ಮೇಲುನೋಟಕ್ಕೆ ಇದು ಒಳ್ಳೆಯ ಸುದ್ದಿಯೆನಿಸಬಹುದು, ದೊಡ್ಡ ಮೀನು ಸಿಕ್ಕಿತೆಂದು ಯಾವ ಗಾಳಗಾರ ಸಂತೋಷಪಡುವುದಿಲ್ಲ? ಆದರೆ ಅದರರ್ಥ ಮರಿಗಳು, ಎಳೆಯವು ಸಿಗುತ್ತಿಲ್ಲ ಎಂದು. ಇರುವ ಮುದಿಮೀನುಗಳು ಇನ್ನಷ್ಟು ಮುದಿಯಾಗುತ್ತಿವೆ, ಅವುಗಳ ಹಿಂದೆ ಮುಂದಿನ ಪೀಳಿಗೆ ಬರುತ್ತಿಲ್ಲ. ಅದೇ ಹೊತ್ತಿಗೆ ಒಟ್ಟು ಮಹಶೀರ್‌ಗಳ ಸಂಖ್ಯೆ ಹೆಚ್ಚುತ್ತಿತ್ತು. ಮೀನು ತುಂಬಿದೆ, ಹೊಳೆ ಚೇತರಿಸಿಕೊಂಡಿದೆ ಎಂದು ದಡದಲ್ಲಿ ನಿಂತವರೆಲ್ಲ ಅಂದುಕೊಳ್ಳುವಂಥ ಕಾಲದಲ್ಲೇ ಕಾವೇರಿಯ ಸ್ವಂತ ಮೀನು ಹಾಗೆ ಕರಗಿಹೋಗುತ್ತಿತ್ತು.

ಒಂದು ಮೀನು ಇನ್ನೊಂದನ್ನು ಹೇಗೆ ಹಿಂದೆ ಹಾಕುತ್ತದೆ ಎಂಬುದರ ಎಲ್ಲ ಎಳೆಗಳೂ ಬಿಡಿಸಿಕೊಂಡಿಲ್ಲ. ಒಂದೇ ಮಡು, ಒಂದೇ ಬೆಣಚುಕಲ್ಲಿನ ಹಾಸು, ಒಂದೇ ಆಹಾರಕ್ಕೆ ಎರಡೂ ಪೈಪೋಟಿ ನಡೆಸುತ್ತವೆ. ಒಂದರ ಮರಿಗಳು ಮನುಷ್ಯರ ಕೈಯಿಂದ ದಶಕಗಟ್ಟಲೆ ಬಂದು ಸೇರುತ್ತಲೇ ಇದ್ದವು, ಇನ್ನೊಂದಕ್ಕೆ ಅಂಥ ಯಾವ ಬೆಂಬಲವೂ ಇರಲಿಲ್ಲ. ಎರಡೂ ಹತ್ತಿರದ ಸಂಬಂಧಿಗಳಾದ್ದರಿಂದ ಬೆರಕೆಯಾಗುವ ಭಯವೂ ಇದೆ. ಹಾಸನ, ಮಂಡ್ಯ, ರಾಮನಗರದ ರೈತರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಹಳ್ಳಿಕಾರ್ ತಳಿ ಕಡಿಮೆಯಾಗುತ್ತಿದೆಯೆಂದು ಯಾರಾದರೂ ಖಿಲಾರಿ ಹೋರಿಗಳನ್ನು ತಂದು ಹಿಂಡಿನೊಳಗೆ ಬಿಟ್ಟು, ನಿಮ್ಮೂರಲ್ಲಿ ದನ ಹೆಚ್ಚಾಯಿತಲ್ಲ ಎಂದರೆ ನೀವು ಒಪ್ಪುವಿರಾ? ಖಿಲಾರಿಯನ್ನು ಯಾರೂ ಕೀಳು ತಳಿ ಎನ್ನುವುದಿಲ್ಲ, ಅದರ ಸೀಮೆಯಲ್ಲಿ ಅದಕ್ಕೆ ಅದರದೇ ಗೌರವ. ನೀಲಿರೆಕ್ಕೆಯ ಮಹಶೀರ್ ಕೂಡ ಹಾಗೆಯೇ. ಕೃಷ್ಣೆಯ ಕಣಿವೆಯಲ್ಲಿ ಅದನ್ನು ಕಾಪಾಡಲು ನಾನೂ ನಿಮ್ಮ ಜೊತೆ ಕೈಜೋಡಿಸುತ್ತೇನೆ. ಮರಿ ಮಾಡಿಸಿದವರ ಶ್ರಮ ಫಲಿಸಿ ಅದೀಗ ಕೆಂಪುಪಟ್ಟಿಯಲ್ಲಿ ಅಷ್ಟೇನೂ ಅಪಾಯವಿಲ್ಲದ ವರ್ಗಕ್ಕೆ ಬಂದಿದೆ. ಅಲ್ಲಿ ಗೆದ್ದದ್ದನ್ನೇ ಇಲ್ಲಿಗೆ ತಂದು ಸುರಿಯುವ ಅಗತ್ಯ ಈಗಂತೂ ಇಲ್ಲ.

ಭಕ್ತರಿಗೆ ಒಂದು ಮಾತು. ಮೀನನ್ನು ಹೊಳೆಯಲ್ಲೇ ಬಿಟ್ಟು ಕಾಯುವ ಪಾಠವನ್ನು ಈ ನಾಡಿನಲ್ಲಿ ಮೊದಲು ಕಲಿಸಿದವರು ನೀವೇ. ಶೃಂಗೇರಿಯ ತುಂಗೆಯಲ್ಲಿ, ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಕಾವೇರಿಯಲ್ಲಿ, ದಕ್ಷಿಣ ಕನ್ನಡದ ಶಿಶಿಲದ ಕಪಿಲೆಯಲ್ಲಿ ದೇವರ ಮೀನೆಂಬ ಒಂದೇ ನಂಬಿಕೆಯಿಂದ ಬಲೆಯೂ ಗಾಳವೂ ದೂರ ಉಳಿದವು. 1996ರಲ್ಲಿ ದುಷ್ಟರು ಶಿಶಿಲದ ಹೊಳೆಗೆ ವಿಷ ಹಾಕಿ ಮೀನುಗಳನ್ನು ಸಾಮೂಹಿಕವಾಗಿ ಕೊಂದಾಗ ಊರಿಗೆ ಊರೇ ಸತ್ತವರ ಮನೆಯಂತಾಯಿತು. ಅಂಥ ಭಕ್ತಿಯ ಮೇಲೆ ನನಗೆ ಅಪಾರ ಗೌರವ. ಆದರೆ ಗಮನಿಸಿ, ಈ ಮೂರು ಹೊಳೆಗಳು ಮೂರು ಬೇರೆ ದಾರಿ ಹಿಡಿದವು. ತುಂಗೆ ಕೃಷ್ಣೆಯ ಮೂಲಕ ಬಂಗಾಳಕೊಲ್ಲಿಗೆ, ಶಿಶಿಲದ ಕಪಿಲೆ ಪಡುಗಡಲಿಗೆ, ಕಾವೇರಿ ತನ್ನದೇ ಪಾತ್ರದಲ್ಲಿ ಪೂಂಪುಹಾರಿಗೆ. ಒಂದರ ಮೀನನ್ನು ಇನ್ನೊಂದಕ್ಕೆ ಒಯ್ದು ಬಿಡುವ ಪದ್ಧತಿ ಆ ಹಳೆಯ ಕ್ಷೇತ್ರಗಳಲ್ಲಿ ಎಲ್ಲೂ ಇರಲಿಲ್ಲ. ಇದ್ದ ಮೀನನ್ನು ಇದ್ದಲ್ಲೇ ಕಾದರು, ಅಷ್ಟೇ. ನಿಮ್ಮ ಹರಕೆಯನ್ನು ಹಾಗೆಯೇ ತೀರಿಸಿ. ನಿಮ್ಮೂರಿನ ಒಂದು ಮಡುವನ್ನು ದೇವರದೆಂದು ಸಾರಿ, ಅದರಲ್ಲಿ ಬಲೆ ಬೀಳದಂತೆ ನೋಡಿಕೊಳ್ಳಿ.

ಮಹಶೀರ್ ಒಂದನ್ನೇ ಹಿಡಿದು ಮಾತಾಡಿದರೆ ಅನ್ಯಾಯವಾದೀತು. ನಾವು ನಿತ್ಯ ತಿನ್ನುವ ಕಾಟ್ಲಾ, ರೋಹು ಗಂಗೆಯ ಕಡೆಯವು. ಜಿಲೇಬಿ ಎಂದು ಕರೆಯುವ ತಿಲಾಪಿಯಾ ಆಫ್ರಿಕಾದಿಂದ ಹೊರಟು 1952ರಲ್ಲಿ ಈ ದೇಶಕ್ಕೆ ಬಂತು. ಕೇಂದ್ರ ಸರ್ಕಾರ ನಿಷೇಧಿಸಿ ಎರಡು ದಶಕ ದಾಟಿದರೂ ಆಫ್ರಿಕನ್ ಕ್ಯಾಟ್‌ಫಿಶ್ ಕದ್ದುಮುಚ್ಚಿ ಸಾಕಣೆಯಾಗಿ, ಮಳೆಗೆ ಹೊಂಡ ತುಂಬಿದಾಗ ಹೊಳೆ ಸೇರುತ್ತಲೇ ಇದೆ. ಸೊಳ್ಳೆಗೆಂದು ಕೆರೆಕಟ್ಟೆಗಳಿಗೆ ಬಿಡುವ ಗ್ಯಾಂಬೂಸಿಯಾ ಕಪ್ಪೆಯ ಗೊದಮೊಟ್ಟೆಗಳನ್ನೂ ಬಿಡದೆ ತಿನ್ನುತ್ತದೆ. ಮೀನುಗಾರರ ಸಂಘದವರೇ, ನಿಮ್ಮ ಹೊಟ್ಟೆಪಾಡು ನನಗೆ ಅರ್ಥವಾಗುತ್ತದೆ. ಊರ ಕೆರೆಯಲ್ಲಿ ಕಾಟ್ಲಾ ಬಿತ್ತನೆ ಮಾಡಬೇಡಿ ಎಂದು ಹೇಳುವ ಹಕ್ಕು ನನಗಿಲ್ಲ, ಹೇಳುವುದೂ ಇಲ್ಲ. ಆದರೆ ಕೋಡಿ ಬಿದ್ದಾಗ ಆ ಕೆರೆಯ ಮೀನು ಹೊಳೆಗೆ ಹೋಗದಂತೆ ತೂಬಿಗೆ, ಕೋಡಿಗೆ ಸಣ್ಣ ಕಣ್ಣಿನ ಜಾಲರಿ ಹಾಕುವುದು ಸಾಧ್ಯವಿದೆ. ಕ್ಯಾಟ್‌ಫಿಶ್ ಹೊಂಡ ಎಲ್ಲಿದೆಯೆಂಬುದು ಇಲಾಖೆಗಿಂತ ಮೊದಲು ನಿಮಗೆ ಗೊತ್ತಿರುತ್ತದೆ.

ಎಲ್ಲ ತಪ್ಪನ್ನೂ ನಿಮ್ಮ ತಲೆಗೆ ಕಟ್ಟುತ್ತಿದ್ದೇನೆ ಎಂದುಕೊಳ್ಳಬೇಡಿ. ಕಾವೇರಿಯನ್ನು ಮೊದಲು ತುಂಡರಿಸಿದ್ದು ಕಟ್ಟೆಗಳು. ಕೆಆರ್‌ಎಸ್, ಅದರ ಬೆನ್ನಿಗೇ 1934ರಲ್ಲಿ ಮೆಟ್ಟೂರು, ಆಮೇಲೆ ಕಬಿನಿ, ಹಾರಂಗಿ. ಹೊಸನೀರಿಗೆ ಮೇಲೇರಬೇಕಾದ ಮೀನು ಗೋಡೆಗೆ ಬಂದು ನಿಂತಿತು. ಅದರ ಮೇಲೆ ಮರಳುಗಾರಿಕೆ ಬಂದು ಮೊಟ್ಟೆಯಿಡುವ ಹಾಸುಗಳೇ ಮಾಯವಾದವು. ಒಂದು ಸಿಡಿಮದ್ದು ಮಡುವಿಗೆ ಬಿದ್ದರೆ ತಾಯಿಮೀನು, ಮರಿ, ಏಡಿ ಒಂದೂ ಉಳಿಯುವುದಿಲ್ಲ, ತೇಲಿ ಮೇಲೆ ಬಂದದ್ದಕ್ಕಿಂತ ತಳದಲ್ಲಿ ಸತ್ತು ಕೊಳೆಯುವುದೇ ಹೆಚ್ಚು. ಬ್ಲೀಚಿಂಗ್ ಪುಡಿ ಸುರಿದು ಮೀನು ಹಿಡಿಯುವವರೂ ಇದ್ದಾರೆ. ಮೇಕೆದಾಟಿನಲ್ಲಿ 67 ಟಿಎಂಸಿ ನೀರು ನಿಲ್ಲಿಸುವ ಅಣೆಕಟ್ಟೆಯ ಮಾತು ನಡೆದಿದೆ. ಅದರ ಹಿನ್ನೀರು ಸಂಗಮ, ಮುತ್ತತ್ತಿ ಎಂದು ನಾವು ಹೇಳುವ ಹರಿಯುವ ಕಾವೇರಿಯನ್ನೇ ನಿಂತ ನೀರು ಮಾಡುತ್ತದೆ. ಬೆಂಗಳೂರಿನ ಬಾಯಾರಿಕೆ ದೊಡ್ಡದು, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೂ ಈ ಯೋಜನೆಯ ಚರ್ಚೆ ಹೆಚ್ಚಾಗಿ ಎರಡು ರಾಜ್ಯಗಳ ನೀರಿನ ಪಾಲಿಗೆ ಸೀಮಿತವಾಗಿ, ಆ ಹರಿವಿನಲ್ಲೇ ಬದುಕುವ, ಬೇರೆಲ್ಲೂ ಇಲ್ಲದ ಜೀವಿಯ ಹೆಸರು ಅಪರೂಪಕ್ಕೆ ಮಾತ್ರ ಬರುವುದು ನನಗೆ ನೋವಿನ ಸಂಗತಿ. ಅಣೆಕಟ್ಟೆ ಬೇಕೆನ್ನುವವರೂ ಬೇಡವೆನ್ನುವವರೂ ಮೊದಲು ಈ ಮೀನಿನ ಲೆಕ್ಕ ಕೊಡಬೇಕು.

ಹಾಗಾದರೆ ನಿಮ್ಮ ಹುಮ್ಮಸ್ಸನ್ನು, ನಿಮ್ಮ ಹಣವನ್ನು ಎಲ್ಲಿ ಹಾಕಬೇಕು? ನನ್ನ ಮಟ್ಟಿಗೆ ಮೊದಲ ಉತ್ತರ ಕಾವಲು. ಬೆಂಗಳೂರಿನಲ್ಲಿ 1972ರಲ್ಲಿ ಹುಟ್ಟಿದ ದಕ್ಷಿಣ ಭಾರತ ವನ್ಯಜೀವಿ ಸಂಘ ಕಾವೇರಿಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು, ಹಿಂದೆ ಮದ್ದು ಎಸೆಯುತ್ತಿದ್ದವರನ್ನೇ ಕಾವಲಿಗೆ ನೇಮಿಸಿಕೊಂಡಿತ್ತು. ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆ ಶಿಬಿರಗಳಲ್ಲಿ ಹೊಳೆ ಬಲ್ಲವರಿಗೆ ಕೂಲಿ ಸಿಗುತ್ತಿತ್ತು, ಹರಿಗೋಲು ಹಾಕುವವನೇ ಕಾವಲುಗಾರನೂ ಆಗಿದ್ದ. ವನ್ಯಧಾಮದೊಳಗೆ ಗಾಳ ಹಾಕುವುದು ನಿಂತ ಮೇಲೆ ಆ ಕೆಲಸಗಳೂ ಹೋದವು. ಗಾಳವನ್ನು ಮತ್ತೆ ಬಿಡಬೇಕೆಂಬ ವಾದಕ್ಕೆ ನಾನು ಕೈಹಾಕುವುದಿಲ್ಲ, ವನ್ಯಧಾಮದಲ್ಲಿ ಕಾನೂನು ಕಾನೂನೇ. ಆದರೆ ಆ ಮನುಷ್ಯರ ಅರಿವನ್ನು ಕಳೆದುಕೊಂಡದ್ದು ನಷ್ಟ. ಮೀನುಮರಿ ಖರೀದಿಗೆ, ಶಾಮಿಯಾನಕ್ಕೆ, ಹಾರತುರಾಯಿಗೆ ಹೋಗುವ ಹಣದಲ್ಲಿ ದಡದ ಹಳ್ಳಿಯ ಇಬ್ಬರನ್ನಾದರೂ ಮುಂಗಾರಿನ ನಾಲ್ಕು ತಿಂಗಳು, ಮೊಟ್ಟೆಯಿಡುವ ಕಾಲದಲ್ಲಿ, ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು ಕಾವಲಿಗೆ ನಿಲ್ಲಿಸಬಹುದು. ಬೇಸಿಗೆಯಲ್ಲಿ ಮಡುಗಳು ಕುಗ್ಗಿ ಮೀನು ಒಂದೆಡೆ ಸೇರುವ ತಿಂಗಳುಗಳಲ್ಲಿ ಇನ್ನೂ ಹೆಚ್ಚು ಜನ ಬೇಕು.

ನಮ್ಮ ನೆರೆಯವರು ಒಂದು ಹೆಜ್ಜೆ ಮುಂದಿದ್ದಾರೆ. 2025ರಲ್ಲಿ ತಮಿಳುನಾಡು ಸರ್ಕಾರ ಹೆಚ್ಚು ಸುದ್ದಿಯಾಗದ ನಾಲ್ಕು ಜೀವಿಗಳ ರಕ್ಷಣೆಗೆಂದು ಒಂದು ಕೋಟಿ ರೂಪಾಯಿ ತೆಗೆದಿರಿಸಿತು. ಸಿಂಗಳೀಕ, ಮದ್ರಾಸ್ ಮುಳ್ಳಿಲಿ, ಕತ್ತೆಕಿರುಬಗಳ ಜೊತೆ ನಾಲ್ಕನೆಯದು ಈ ಗೂನುಬೆನ್ನಿನ ಮಹಶೀರ್. ಹುಲಿಗೆ, ಆನೆಗೆ ಸಿಗುವ ಹಣದ ಮುಂದೆ ಅದು ಚಿಲ್ಲರೆ ಎನಿಸೀತು. ಆದರೆ ನೀರೊಳಗಿನ ಒಂದು ಜೀವಿಯನ್ನು ವನ್ಯಜೀವಿಯೆಂದೇ ಲೆಕ್ಕಕ್ಕೆ ತಂದದ್ದು ದೊಡ್ಡದು. ಕಾವೇರಿ ಹುಟ್ಟುವುದು ಕರ್ನಾಟಕದಲ್ಲಿ, ಅದರ ಉದ್ದನೆಯ ಕಾಡುಹಾದಿ ಇರುವುದೂ ಇಲ್ಲೇ. ಈ ಮೀನಿಗಾಗಿ ನಮ್ಮ ರಾಜ್ಯದ ಮುಂಗಡಪತ್ರದಲ್ಲೂ ಒಂದು ಸಾಲು ಇರಬೇಕೆಂದು ಕೇಳಲು ನಿಮ್ಮಂಥ ಸಂಘಟಿತರಿಗಿಂತ ತಕ್ಕವರು ಯಾರಿದ್ದಾರೆ? ಶಾಸಕರನ್ನು ಮೀನುಮರಿ ಬಿಡಲು ಕರೆಯುವ ಬದಲು ಆ ಬೇಡಿಕೆ ಹಿಡಿದು ಅವರ ಮನೆಗೆ ಹೋಗಿ.

ಮೇಷ್ಟ್ರೇ, ಮಕ್ಕಳಿಗೆ ನಿರಾಸೆಯಾದೀತೆಂದು ಹಿಂಜರಿಯಬೇಡಿ. ಚೀಲ ಬಿಚ್ಚುವ ಕ್ಷಣದ ಸಂಭ್ರಮ ನಿಜ. ಅದಕ್ಕಿಂತ ಹೆಚ್ಚು ಹೊತ್ತು ಅವರ ಮನಸ್ಸು ಹಿಡಿದಿಡುವ ಕೆಲಸಗಳು ಹೊಳೆಯಂಚಿನಲ್ಲಿವೆ. ಊರಿನ ಹಿರಿಯ ಮೀನುಗಾರರನ್ನು ಕೂರಿಸಿ, ಅವರು ಕಂಡ ಮೀನುಗಳ ಹೆಸರು, ಗಾತ್ರ, ಯಾವ ಮಡುವಿನಲ್ಲಿ ಯಾವ ತಿಂಗಳಲ್ಲಿ ಎಂಬುದನ್ನು ಮಕ್ಕಳಿಂದ ಬರೆಸಿ. ದಡದಲ್ಲಿ ಹೊಳೆಮತ್ತಿ, ಹೊಂಗೆ, ನೇರಳೆ ನೆಡಿಸಿ, ಅವುಗಳ ನೆರಳು, ಉದುರುವ ಹಣ್ಣು ಎರಡೂ ಮೀನಿಗೆ ಬೇಕು. ಗಾಳಿಬೋರೆಯ ಹಳೆಯ ದಾಖಲೆಯಿಂದ ಒಂದು ಪ್ರಭೇದದ ಅವನತಿ ಬೆಳಕಿಗೆ ಬಂದಿತೆಂದ ಮೇಲೆ, ಹತ್ತನೆಯ ತರಗತಿಯ ಹುಡುಗಿಯೊಬ್ಬಳ ನೋಟುಬುಕ್ಕು ನಾಳೆ ಯಾವುದಕ್ಕೆ ಸಾಕ್ಷಿಯಾದೀತೋ ಯಾರು ಬಲ್ಲರು.

ಇಷ್ಟಾದರೂ ಮರಿ ಬಿಡಲೇಬೇಕೆಂದು ನಿಮ್ಮ ಸಂಘ ತೀರ್ಮಾನಿಸಿದರೆ, ಮರಿ ಕೊಡುವವರನ್ನು ಮೊದಲು ಕೆಲವು ಪ್ರಶ್ನೆ ಕೇಳಿ. ತಾಯಿಮೀನುಗಳನ್ನು ಎಲ್ಲಿಂದ ತಂದಿರಿ? ಅವು ಕಾವೇರಿ ಕಣಿವೆಯವೇ, ಕೃಷ್ಣಾ ಕಣಿವೆಯವೇ? ಡಿಎನ್‌ಎ ಪರೀಕ್ಷೆಯಾಗಿದೆಯೇ, ಆಗಿದ್ದರೆ ವರದಿ ಎಲ್ಲಿ? ಬಿಟ್ಟ ಮೇಲೆ ಅವು ಏನಾದವೆಂದು ನೋಡುವವರು ಯಾರು? ಉತ್ತರ ಬರವಣಿಗೆಯಲ್ಲಿ ಸಿಗಲಿ. ಸಿಗದಿದ್ದರೆ ಈ ಮುಂಗಾರಿಗೆ ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸಬೇಡಿ. ಈಗಾಗಲೇ ಮುಂಗಡ ಕೊಟ್ಟಿದ್ದರೆ ಆ ಹಣವನ್ನು ಕಾವಲಿಗೆ ತಿರುಗಿಸಲು ಸಂಘದ ಸಭೆ ಕರೆಯಿರಿ. ಒಳಗೆ ವಿರೋಧ ಬಂದರೆ ಈ ಪತ್ರವನ್ನು ಅಲ್ಲಿ ಓದಿಸಿ. ಸಭೆಯಲ್ಲಿ ಬಂದು ಮಾತಾಡಬೇಕೆಂದರೆ ಕರೆಯಿರಿ, ಬರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಕಾವೇರಿ ನೀರು ಕುಡಿದು ಬೆಳೆದ ಒಬ್ಬ